ಮೀನಿಗೆ ದಿನಕ್ಕೆರಡು ಜಳಕ

ನಮ್ಮ ಮೀನಿನ ಟ್ಯಾಂಕಿಗೆ ಬಿಳಿ ಚುಕ್ಕೆ ರೋಗ ಬಂದಿದ್ದು ಸಿದ್ಧೇಶ್ವರ ಜಾತ್ರೆಯ ವಾರದಲ್ಲಿ. ವಿಜಯಪುರ ಅಂದ್ರೆ ಬಿಸಿಲು ಅಂತಲೇ ಎಲ್ಲರ ಲೆಕ್ಕ. ಸಂಕ್ರಾಂತಿ ಹೊತ್ತಿನ ಬೆಳಗಿನ ಚಳಿ ಹೇಗಿರುತ್ತೆ ಅಂತ ಇಲ್ಲಿ ಮೀನು ಸಾಕಿದವರನ್ನು ಕೇಳಬೇಕು. ಮಧ್ಯಾಹ್ನ ಟ್ಯಾಂಕಿನ ನೀರು 26 ಡಿಗ್ರಿ ಇದ್ದರೆ ನಸುಕಿನಲ್ಲಿ 20. ಅಂಥದ್ದರಲ್ಲಿ ನಾನು ಆರು ಹೊಸ ನಿಯಾನ್ ಟೆಟ್ರಾ ತಂದು, ಪ್ಯಾಕೆಟ್ಟನ್ನು ಅರ್ಧ ಗಂಟೆ ತೇಲಿಸಿ, ನೇರ ದೊಡ್ಡ ಟ್ಯಾಂಕಿಗೇ ಬಿಟ್ಟೆ. ಬೇರೆ ಇಡಬೇಕಿತ್ತು. ಗೊತ್ತಿತ್ತು, ಇಡಲಿಲ್ಲ.

ನಾಲ್ಕನೇ ದಿನ ಕ್ಲೌನ್ ಲೋಚ್ ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಕಂಡಿತು. ಸಂಜೆಗೆ ಮೂರೂ ಲೋಚ್ ಕಲ್ಲಿಗೆ ಮೈ ತಿಕ್ಕುತ್ತಿದ್ದವು.

ಟ್ಯಾಂಕು ಮೂರು ಅಡಿಯದು, ಹೆಚ್ಚುಕಮ್ಮಿ ನೂರು ಲೀಟರ್. ಮೂರು ಲೋಚ್, ಎರಡು ಏಂಜೆಲ್, ನಾಲ್ಕು ಕೋರಿ, ಹಳೆಯದು ಹೊಸದು ಸೇರಿ ಹನ್ನೆರಡು ಟೆಟ್ರಾ. ಜೊತೆಗೆ ಎರಡು ವರ್ಷದಿಂದ ಬೆಳೆಸಿದ ಗಿಡಗಳು.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆ. ಅಂಗಡಿಯವನು ಕೊಟ್ಟ ನೀಲಿ ಔಷಧ, ಬಾಟಲಿಗೆ 90 ರೂಪಾಯಿ, ಎರಡು ಬಾಟಲಿ. ಐದು ದಿನ ಹಾಕಿದೆ. ಟ್ಯಾಂಕಿನ ಮೂಲೆಯ ಸಿಲಿಕಾನ್ ನೀಲಿಯಾಯ್ತು, ಅದು ಇವತ್ತಿಗೂ ಹೋಗಿಲ್ಲ. ಗಿಡಗಳು ಲೋಳೆಯಾಗಿ ಕರಗಿದವು. ನೀರು ಶುದ್ಧ ಇಡುವ ಫಿಲ್ಟರಿನ ಬ್ಯಾಕ್ಟೀರಿಯಾ ಸತ್ತು ನೀರು ಹಾಲಿನ ಹಾಗಾಯ್ತು. ನಾಲ್ಕು ಟೆಟ್ರಾ ಹೋದವು. ಅವು ಚುಕ್ಕೆಯಿಂದ ಸತ್ತವೋ ಔಷಧದಿಂದಲೋ, ದೇವರಿಗೇ ಗೊತ್ತು. ಗಿಡದ ಲೆಕ್ಕವೇ ಆರೇಳು ನೂರು.

ಆಮೇಲೆ ಉಪ್ಪು ಮತ್ತು ಕಾವು. ಕಾರ್ಬನ್ ಹಾಕಿ ನೀಲಿ ತೆಗೆದು, ಲೀಟರಿಗೆ ಎರಡು ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪು ಕರಗಿಸಿ, ಹೀಟರ್ 30ಕ್ಕೆ ಇಟ್ಟೆ. ಲೋಚ್‌ಗೂ ಕೋರಿಗೂ ಉಪ್ಪು ಅಷ್ಟಕ್ಕಷ್ಟೇ, ಅದಕ್ಕೇ ಎರಡು ದಿನದಲ್ಲಿ ನಿಧಾನ ಏರಿಸಿದೆ. ಮೂರನೇ ರಾತ್ರಿ ಎರಡಕ್ಕೆ ಕರೆಂಟ್ ಹೋಯ್ತು. ಬೆಳಗ್ಗೆ ನೋಡಿದರೆ 23. ಮರುದಿನ ಹೀಟರ್ ಆಫ್ ಆಗದೆ ಅಂಟಿಕೊಂಡು 35ಕ್ಕೆ ಏರಿತ್ತು. ಮೀನೆಲ್ಲ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಮೂರು ವರ್ಷ ಸಾಕಿದ ಲೋಚ್ ಒಂದು ಅವತ್ತೇ ಹೋಯ್ತು, ಹಿಂದೆ ಎರಡು ಟೆಟ್ರಾ. ಈ ದಾರಿ ತಪ್ಪು ಅಂತ ನಾನು ಹೇಳಲ್ಲ, ಬಹಳ ಜನ ಇದರಲ್ಲೇ ಗೆದ್ದಿದ್ದಾರೆ. ನಮ್ಮ ಮನೆಯ ಕರೆಂಟಿಗೆ ಅದು ಆಗಿಬರಲಿಲ್ಲ, ಅಷ್ಟೇ.

ಸತ್ತ ಟೆಟ್ರಾದ ಮೈ ಲೋಳೆ ಕೆರೆದು ಮಗಳ ಮೈಕ್ರೋಸ್ಕೋಪಿನ ಕೆಳಗೆ ಇಟ್ಟೆವು. ಗೋಲಿಯಂಥದ್ದೊಂದು, ಕಂದು ಬಣ್ಣ, ಅಂಚಿನ ತುಂಬ ರೋಮ, ತನ್ನಷ್ಟಕ್ಕೆ ನಿಧಾನವಾಗಿ ಉರುಳುತ್ತಿತ್ತು. ಹೊಟ್ಟೆಯೊಳಗೆ ಬಾಗಿದ ಗುರುತು. "ಪಪ್ಪಾ, ಕುದುರಿ ಲಾಳ ಐತಿ ನೋಡ್ರಿ," ಅಂದಳು. ಬಿಳಿ ಚುಕ್ಕೆ ತರುವ ಈ ಜೀವಿಗೆ 1876ರಲ್ಲಿ ಇಟ್ಟ ಹೆಸರಿನ ಅರ್ಥ ಬಹಳ ಮಕ್ಕಳ ಮೀನು ಹೇನು ಅಂತ. ಬಲಿತ ಮೇಲೆ ಅದು ಮೀನನ್ನು ಬಿಟ್ಟು ಕೆಳಗೆ ಉದುರುತ್ತೆ, ಮಕ್ಕಳು ಹುಟ್ಟೋದು ಮೀನಿನ ಮೈಮೇಲಲ್ಲ, ತಳದ ಕಲ್ಲಿನಲ್ಲಿ. ಹಾಗಾದರೆ ಹೆರಿಗೆಗೆ ಮೊದಲೇ ಮೀನನ್ನು ಅಲ್ಲಿಂದ ಎತ್ತಿಬಿಟ್ಟರೆ?

ಎಲ್‌ಬಿಎಸ್ ಮಾರ್ಕೆಟ್ಟಿನಿಂದ 40 ಲೀಟರಿನ ಎರಡು ಟಬ್ ತಂದೆ, ಒಂದಕ್ಕೆ 220. ಇನ್ನೊಂದು ಹೀಟರ್ 650. ಯೋಜನೆ ಇಷ್ಟೇ: ಬೆಳಗ್ಗೆ ಆರೂವರೆಗೆ ಒಂದು ಟಬ್ಬಿನಿಂದ ಇನ್ನೊಂದಕ್ಕೆ, ಸಂಜೆ ಆರೂವರೆಗೆ ವಾಪಸ್. ಬಿಟ್ಟ ಟಬ್ಬಿನ ನೀರು ಚೆಲ್ಲಿ, ಏರ್ ಸ್ಟೋನ್ ಸಮೇತ ತಿಕ್ಕಿ ತೊಳೆದು ಮಾಳಿಗೆ ಮೇಲೆ ಒಣಗಲು ಇಡೋದು. ಒಣಗಿದರೆ ಅದು ಉಳಿಯಲ್ಲ. ಜನವರಿಯಲ್ಲೂ ನಮ್ಮೂರ ಬಿಸಿಲು ಒಂದು ತಾಸಿನಲ್ಲಿ ಕೆಲಸ ಮುಗಿಸುತ್ತೆ. ಸಂಜೆ ಬಿಟ್ಟ ಟಬ್ಬನ್ನು ಮಾತ್ರ ಬಟ್ಟೆಯಿಂದ ಒರೆಸಿ ಫ್ಯಾನ್ ಕೆಳಗೆ ಬೋರಲು ಹಾಕುತ್ತಿದ್ದೆ.

ಅಂಗಡಿಯವನು ನಕ್ಕ. "ಸರ, ದಿನಾ ಎರಡ ಸಲ ಹಿಡದ್ರ ಹೆದರಿಕಿಗೇ ಸಾಯ್ತಾವ್ರಿ." ಪಕ್ಕದ ಮನೆ ಕಾಕಾ ಕಂಪೌಂಡಿನಿಂದಲೇ, "ಏನೋ ತಮ್ಮಾ, ಮೀನಕ್ಕೂ ಎರಡ ಹೊತ್ತು ಜಳಕ?" ಅಂದರು. ಮನೆಯವಳದ್ದು ಬೇರೆ ತಕರಾರು: "ನಳಾ ಬಂದು ಐದ ದಿನಾ ಆತು, ನೀವು ದಿನಾ ನಾಕ ಕೊಡಾ ಚೆಲ್ಲಾಕತ್ತೀರಿ."

ಅವಳ ಮಾತು ಸುಳ್ಳಲ್ಲ. ಒಂದು ಟಬ್ಬಿಗೆ 25 ಲೀಟರ್ ಅಂದರೂ ದಿನಕ್ಕೆ 50. ಆದರೆ ನೀರಿಗೆ ಉಪ್ಪಿಲ್ಲ, ಔಷಧವಿಲ್ಲ. ಅಷ್ಟನ್ನೂ ಕರಿಬೇವಿಗೆ, ಗುಲಾಬಿಗೆ ಹಾಕಿದೆ. ಗುಲಾಬಿ ಆ ತಿಂಗಳು ಬಿಟ್ಟಷ್ಟು ಹೂವು ಮತ್ತೆ ಬಿಟ್ಟಿಲ್ಲ. ಆಮೇಲೆ ಅವಳು ಸುಮ್ಮನಾದಳು.

ಮೊದಲ ಸಲ ಸೋತೆ. ಮೂರನೇ ದಿನ ಜಮಖಂಡಿಯಲ್ಲಿ ಮದುವೆ, ಸಂಜೆ ಬರ್ತೀನಿ ಅಂತ ಹೋದವನು ಬಂದಿದ್ದು ಮರುದಿನ ಮಧ್ಯಾಹ್ನ. 30 ತಾಸು ಒಂದೇ ಟಬ್. ಮತ್ತೆರಡು ದಿನಕ್ಕೆ ಏಂಜೆಲ್ ರೆಕ್ಕೆ ಮೇಲೆ ಹೊಸ ಚುಕ್ಕೆ. 28 ಡಿಗ್ರಿಯಲ್ಲಿ ಒಂದು ದಿನ ಸಾಕು ಅದಕ್ಕೆ ಮರಿ ಮಾಡೋಕೆ. ಎಣಿಕೆ ಮತ್ತೆ ಒಂದರಿಂದ.

ಎರಡನೇ ಸಲ ಒಂದು ಹೊತ್ತೂ ತಪ್ಪಿಸಲಿಲ್ಲ. ಡ್ರಮ್ಮಿನಲ್ಲಿ ಆಂಟಿ ಕ್ಲೋರಿನ್ ಹಾಕಿದ ನೀರು, ಅದರಲ್ಲೊಂದು ಹೀಟರ್, ಹೀಗಾಗಿ ಹೊಸ ನೀರೂ 28. ಕರೆಂಟ್ ಹೋದರೂ ಟಬ್ ತಣ್ಣಗಾಗದಂತೆ ಸುತ್ತ ದ್ರಾಕ್ಷಿ ವ್ಯಾಪಾರಿಯೊಬ್ಬರು ಕೊಟ್ಟ ಥರ್ಮಕೋಲ್. ಏರ್ ಪಂಪಿಗೆ ಬ್ಯಾಟರಿ. ಊಟ ಅರ್ಧಕ್ಕರ್ಧ ಕಡಿಮೆ. ನಾಲ್ಕನೇ ದಿನ ಚುಕ್ಕೆ ತೆಳುವಾದವು, ಐದಕ್ಕೆ ಒಂದೂ ಕಾಣಲಿಲ್ಲ. ಇಲ್ಲೇ ಜನ ನಿಲ್ಲಿಸಿ ಕೆಡುತ್ತಾರೆ. ಕಿವಿರಿನೊಳಗೆ ಇದ್ದದ್ದು ನಮಗೆ ಕಾಣುತ್ತಾ? ನಾನು ಎಂಟು ದಿನ ಎಳೆದೆ.

ಆ ಹೊತ್ತಿನಲ್ಲಿ ದೊಡ್ಡ ಟ್ಯಾಂಕು ಮೀನಿಲ್ಲದೆ ಓಡುತ್ತಿತ್ತು. ಅದೂ 28ಕ್ಕೆ, ಫಿಲ್ಟರ್ ಚಾಲು, ಬ್ಯಾಕ್ಟೀರಿಯಾ ಸಲುವಾಗಿ ದಿನಕ್ಕೊಂದು ಚಿಟಿಕೆ ಫುಡ್. ಅಂಟಿಕೊಳ್ಳಲು ಮೀನೇ ಸಿಗದಿದ್ದರೆ ಮರಿಗಳು ಎರಡು ಮೂರು ದಿನವೂ ಬಾಳಲ್ಲ.

ನಡುವೆ ಚಟಕ್ಕೆ ಬೇರೆ ಪ್ರಯೋಗಗಳೂ ಆದವು. ಬೆಳ್ಳುಳ್ಳಿ ರಸದಲ್ಲಿ ಫುಡ್ ನೆನೆಸಿದೆ. ಕೋರಿಗಳು ಮುಗಿಬಿದ್ದು ತಿಂದವು, ಚುಕ್ಕೆಗೆ ಏನೂ ಆಗಲಿಲ್ಲ. ಒಣಗಿದ ಬಾದಾಮಿ ಎಲೆ ಹಾಕಿದ ಟಬ್ಬಿನಲ್ಲಿ ಮೀನು ಗಾಬರಿ ಕಡಿಮೆ ಬೀಳುತ್ತಿದ್ದವು, ಅದನ್ನು ಈಗಲೂ ಬಿಟ್ಟಿಲ್ಲ. ಅರಿಶಿನ ಹಾಕು ಅಂತ ಅವ್ವ ಹೇಳಿದ್ದಳು. ನೀಲಿ ಮೂಲೆ ನೋಡಿದ ಮೇಲೆ ಹಳದಿಗೆ ಧೈರ್ಯ ಬರಲಿಲ್ಲ.

ಲೋಚ್ ಕಣ್ಣಿನ ಕೆಳಗೆ ಮುಳ್ಳಿರುತ್ತೆ, ಬಲೆಗೆ ಸಿಕ್ಕಿ ಒದ್ದಾಡುತ್ತೆ. ಹದಿನಾರು ಸಲ ಹಾಗೆ ಹಿಡಿದಿದ್ದರೆ ಅಂಗಡಿಯವನ ಮಾತು ನಿಜವಾಗುತ್ತಿತ್ತು. ನಾನು ಹಿಡಿದಿದ್ದು ಬಲೆಯಲ್ಲಲ್ಲ. ಎಲ್ಲರ ಅಡುಗೆಮನೆಯಲ್ಲೂ ಇರುವ ಸಾಮಾನು ಅದು, ಅಷ್ಟು ಸಾಕು.

ಟಬ್ಬಿಗೆ ಹೋದ ಹದಿನಾಲ್ಕು ಮೀನಿನಲ್ಲಿ ಹದಿಮೂರು ವಾಪಸ್ ಬಂದವು. ಒಂದು ಟೆಟ್ರಾ ರಾತ್ರಿ ಹೊರಗೆ ಜಿಗಿದು ಹೋಯ್ತು, ಮುಚ್ಚಳ ಸರಿ ಹಾಕದ್ದು ನನ್ನ ತಪ್ಪು. ಮೊದಲ ಎರಡು ಸೋಲಿಗೆ ಸತ್ತ ಮೀನು ಹಿಡಿದು ಸಾವಿರದ ಐದುನೂರರ ಹತ್ತಿರ ಕಳೆದಿದ್ದೆ. ಟಬ್ಬಿನ ಕೆಲಸಕ್ಕೆ ಸಾವಿರದ ನೂರರೊಳಗೆ ಮುಗೀತು, ಸಾಮಾನು ಮನೆಯಲ್ಲೇ ಉಳೀತು. ಅದಾಗಿ ಎರಡು ಚಳಿಗಾಲ ಕಳೆದಿವೆ. ಹೊಸ ಮೀನು ಏನೇ ತಂದರೂ ಮೊದಲು ಎಂಟು ದಿನ ಟಬ್ಬಿನಲ್ಲೇ.

ಮೊನ್ನೆ ಫುಡ್ ತರಲು ಹೋದಾಗ ಅಂಗಡಿಯವನು ಮೆಲ್ಲಗೆ ಕೇಳಿದ, "ಸರ, ಆ ಟಬ್ ಎಷ್ಟ ಲೀಟರಿಂದ್ರಿ?" ನಲವತ್ತು ಅಂದೆ. ಬಲೆಯ ವಿಷಯ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.