ಶಿರವಳ ದಾಟಿದ ಮೇಲೆ ಟ್ರೈಲರ್ ಟೈರ್ ಕೂತಾಗ

ನಮ್ಮದು ಸಣ್ಣ ಟ್ರೈಲರ್. ಪುಣೆ ಪಕ್ಕದ ಭೋಸರಿಯ ಒಂದು ಶೆಡ್ಡಿನಲ್ಲಿ ಹೇಳಿ ಮಾಡಿಸಿದ್ದು. ಒಳಗೆ ಎರಡು ಹಾಸಿಗೆ, ಒಂದು ಒಲೆ, ಒಂದು ನೀರಿನ ಟ್ಯಾಂಕು. ಸಾಮಾನು ತುಂಬಿದರೆ ಒಂದು ಟನ್ ದಾಟುತ್ತದೆ. ಎಳೆಯೋದು ಸ್ಕಾರ್ಪಿಯೋ. ಟ್ರೈಲರಿಗೆ ಎರಡು ಅಚ್ಚು, ನಾಲ್ಕು ಚಕ್ರ. ಎಲ್ಲವೂ ಟಾಟಾ ಏಸ್‌ಗೆ ಬರುವ 12 ಇಂಚಿನ ಚಕ್ರಗಳೇ. ಬೇಕಂತಲೇ ಅದನ್ನು ಹಾಕಿಸಿದೆ. ಪುಣೆಯಿಂದ ಧಾರವಾಡದ ತನಕ ಯಾವ ದೊಡ್ಡ ಊರಿನಲ್ಲಿ ಕೇಳಿದರೂ ಆ ಟೈರ್ ಸಿಗುತ್ತದೆ. ನೋಡೋಕೆ ಚಂದ ಅಂತ ಯಾವುದೋ ಅಪರೂಪದ ಅಳತೆ ಹಾಕಿಸಿ ಆಮೇಲೆ ಕೊರಿಯರ್ ದಾರಿ ಕಾಯೋದು ಯಾರಿಗೆ ಬೇಕು?

ಯುಗಾದಿಗೆ ಊರಿಗೆ ಹೊರಟಿದ್ದೆವು. ಬೆಳಿಗ್ಗೆ ಚಿಂಚವಡದಲ್ಲಿ ಹವಾ ನೋಡಿಕೊಂಡೇ ಹೊರಟಿದ್ದು, ನಾಲ್ಕರಲ್ಲೂ ಸರಿ ಇತ್ತು. ಕಾತ್ರಜ್ ಸುರಂಗ, ಖೇಡ್ ಶಿವಾಪುರದ ಟೋಲು, ನೀರಾ ಹೊಳೆ, ಶಿರವಳ ಎಲ್ಲ ಆಯಿತು. ಇನ್ನು ಖಂಬಾಟಕಿ ಘಾಟು ಹತ್ತಬೇಕು. ಅಷ್ಟರಲ್ಲಿ ಬೈಕಿನವನೊಬ್ಬ ಪಕ್ಕಕ್ಕೆ ಬಂದು ಹಿಂದೆ ಕೈ ತೋರಿಸಿ ಕೂಗಿದ. 'ಟಾಯರ್ ಬಸಲಾಯ್!' ಟೈರ್ ಕೂತಿದೆ, ಹವಾ ಹೋಗಿದೆ ಅಂತ.

ಸ್ಟೇರಿಂಗಿನಲ್ಲಿ ಏನೂ ಗೊತ್ತಾಗಿರಲಿಲ್ಲ. ಕನ್ನಡಿಯಲ್ಲಿ ನೋಡಿದರೂ ಟ್ರೈಲರ್ ನೆಟ್ಟಗೇ ಬರುತ್ತಿತ್ತು. ಎರಡು ಅಚ್ಚಿನ ಗಾಡಿಯ ತೊಂದರೆಯೇ ಇದು. ಒಂದು ಅಚ್ಚಿನದಾದರೆ ಒಂದು ಕಡೆ ವಾಲುತ್ತದೆ, ತಕ್ಷಣ ಗೊತ್ತಾಗುತ್ತದೆ. ಎರಡಿದ್ದರೆ ಪಕ್ಕದ ಚಕ್ರ ಸುಮ್ನೆ ಪೂರ್ತಿ ಭಾರ ಹೊತ್ತುಕೊಂಡು ಬರುತ್ತಿರುತ್ತದೆ. ಅದೂ ಕಾದು ಒಡೆದಾಗಲೇ ನಮಗೆ ಎಚ್ಚರ.

ಬ್ರೇಕ್ ಒತ್ತಲಿಲ್ಲ. ಕಾಲು ತೆಗೆದು, ನಾಲ್ಕೂ ಇಂಡಿಕೇಟರ್ ಹಾಕಿ, ನಡಿಗೆಯ ವೇಗದಲ್ಲಿ ಮುಂದಕ್ಕೆ ಹೋದೆ. ಅಲ್ಲಿ ರಸ್ತೆಯ ಅಂಚು ಕಿರಿದು, ಕಂಟೇನರ್ ಲಾರಿಗಳು ಮೈ ಸವರಿಕೊಂಡೇ ಹೋಗುತ್ತವೆ. ಟೈರ್ ಹೇಗೂ ಹೋಗಿದೆ. ಇನ್ನೂ ಅರ್ಧ ಕಿಲೋಮೀಟರ್ ಉರುಳಿದರೆ ಹೋಗೋದು ಹೆಚ್ಚೆಂದರೆ ಒಂದು ರಿಮ್ಮು. ಬಾಗಿಲು ಹಾಕಿದ್ದ ಢಾಬಾ ಒಂದರ ಮುಂದೆ ಅಗಲವಾದ ಮುರುಮ್ (ಗರಸು ಮಣ್ಣಿನ) ಜಾಗ ಸಿಕ್ಕಿತು, ಸಮತಟ್ಟಾಗಿಯೂ ಇತ್ತು. ಹಿಂದೆ ಕೆಂಪು ತ್ರಿಕೋನ ಇಟ್ಟು ಬಂದೆ. ಇಂಥ ಜಾಗ ಸಿಗದಿದ್ದರೆ 1033ಕ್ಕೆ ಫೋನ್ ಮಾಡಿ, ಹೆದ್ದಾರಿ ಗಸ್ತಿನವರು ಬರುವ ತನಕ ತಡೆಗೋಡೆಯ ಆಚೆ ನಿಂತಿರೋದೇ ವಾಸಿ.

ಕೂತಿದ್ದು ಎಡಗಡೆಯ ಹಿಂದಿನ ಚಕ್ರ. ರಸ್ತೆಯಿಂದ ಆಚೆಯ ಮಗ್ಗುಲು, ಅದೊಂದು ಪುಣ್ಯ.

ಇಲ್ಲಿ ಬಹಳ ಜನ ಮೊದಲು ಮಾಡೋದು ಟ್ರೈಲರನ್ನು ಕಾರಿನಿಂದ ಬಿಡಿಸೋದು. ಬಿಡಿಸಬಾರದು. ಕೊಂಡಿ ಹಾಕಿದ್ದರೆ ಕಾರೇ ಅದಕ್ಕೆ ಲಂಗರು. ಬಿಡಿಸಿದಿರೋ, ಮೂತಿಯ ಪುಟ್ಟ ಗಾಲಿಯ ಮೇಲೆ ಒಂದು ಟನ್ ನಿಂತಿರುತ್ತದೆ. ಜಾಕ್ ಏರಿಸುವಾಗ ಅದು ಹೊರಳಿದರೆ ಹಿಡಿಯುವವರು ಯಾರು? ಮೂಲೆಗಳಲ್ಲಿ ಇಳಿಬಿಡುವ ಕಾಲುಗಳಿರುತ್ತವಲ್ಲ, ಅವನ್ನು ತಿರುಗಿಸಿ ಗಾಡಿ ಎತ್ತಲು ನೋಡುವವರೂ ಇದ್ದಾರೆ. ಅವು ಒಳಗೆ ಓಡಾಡುವಾಗ ಅಲುಗಾಡದಿರಲಿ ಅಂತ ಇರುವ ಕಾಲು. ಎತ್ತಲು ಹೋದರೆ ಸೊಟ್ಟಗಾಗುತ್ತವೆ.

ಕಾರಿನ ಸಾಮಾನು ಟ್ರೈಲರಿಗೆ ಉಪಯೋಗಕ್ಕೆ ಬರೋದಿಲ್ಲ. ಸ್ಕಾರ್ಪಿಯೋದ ಸ್ಟೆಪ್ನಿ ಕೂರೋದಿಲ್ಲ, ನಟ್ಟು ಬಿಚ್ಚುವ ಪಾನಾದ ಅಳತೆ ಬೇರೆ, ಜಾಕ್ ನಿಲ್ಲಿಸುವ ಜಾಗವೂ ಬೇರೆ. ಹಾಗಾಗಿ ಟ್ರೈಲರಿಗೆ ಅಂತಲೇ ಒಂದು ಸ್ಟೆಪ್ನಿ, ಒಂದು ಬಾಟಲ್ ಜಾಕ್, ಉದ್ದ ಹಿಡಿಯ ಪಾನಾ, ಮರದ ಎರಡು ಬೆಣೆ, ತುದಿ ಇಳಿಜಾರಾಗಿ ಕೊಯ್ಸಿದ ಎರಡು ದಪ್ಪ ಹಲಗೆ ಇಟ್ಟಿದ್ದೇನೆ. ಹಲಗೆಯ ಕೆಲಸ ಈಗ ಹೇಳುತ್ತೇನೆ.

ಮೊದಲು, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಕಾಲು ಸುತ್ತು ಸಡಿಲಿಸಿದೆ. ಟ್ರೈಲರ್ ಚಕ್ರಕ್ಕೆ ಗೇರಿನ ಹಿಡಿತ ಇಲ್ಲ. ಗಾಳಿಯಲ್ಲಿ ಎತ್ತಿದ ಮೇಲೆ ಪಾನಾ ಹಾಕಿದರೆ ಚಕ್ರವೇ ತಿರುಗುತ್ತದೆ. ಆಮೇಲೆ ಎಡಗಡೆಯ ಮುಂದಿನ ಚಕ್ರದ ಎದುರಿಗೆ ಹಲಗೆಗಳನ್ನು ಒಂದರ ಮೇಲೊಂದು ಇಟ್ಟೆ. ಹೆಂಡತಿ ಪಕ್ಕದಲ್ಲಿ ನಿಂತಳು, ನಾನು ಮೊದಲ ಗೇರಿನಲ್ಲಿ ಕಾರನ್ನು ಹೂವಿನಷ್ಟು ಮೆತ್ತಗೆ ಮುಂದೆ ಬಿಟ್ಟೆ. 'ಬರ್ಲಿ, ಬರ್ಲಿ, ಸಾಕ್ರೀ!' ಚೆನ್ನಾಗಿದ್ದ ಚಕ್ರ ಹಲಗೆ ಹತ್ತಿ ಕೂತಿತು. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲೇ ಬಿಟ್ಟು, ಬಲಗಡೆಯ ಚಕ್ರಗಳಿಗೆ ಹಿಂದೆ ಮುಂದೆ ಬೆಣೆ ಹೊಡೆದೆ. ಬೆಣೆ ಈಗ ಹೊಡೆಯಬೇಕು. ಮೊದಲೇ ಹೊಡೆದರೆ ಹಲಗೆ ಹತ್ತೋದು ಹೇಗೆ, ಅಲ್ವಾ?

ಹಲಗೆ ಹತ್ತಿಸಿದ ಮಾತ್ರಕ್ಕೆ ಪಂಕ್ಚರ್ ಆದ ಚಕ್ರ ಮೇಲೇಳುತ್ತದೆ ಅಂದುಕೊಳ್ಳಬೇಡಿ. ಹಿಂದು ಮುಂದಿನ ಚಕ್ರಗಳ ಎರಡು ಕಮಾನ್ ಪಟ್ಟಿಗಳ (ಲೀಫ್ ಸ್ಪ್ರಿಂಗ್) ನಡುವೆ ಒಂದು ಕಬ್ಬಿಣದ ತುಂಡು ಆಡುತ್ತಿರುತ್ತದೆ. ಒಂದು ಚಕ್ರ ಮೇಲೆ ಹೋದರೆ ಅದು ಇನ್ನೊಂದನ್ನು ಕೆಳಕ್ಕೆ ತಳ್ಳುತ್ತದೆ. ಆ ಆಟ ಮುಗಿದ ಮೇಲಷ್ಟೇ ಚಕ್ರ ನೆಲ ಬಿಡೋದು. ನಮ್ಮದರಲ್ಲಿ ಟೈರ್ ಹಗುರಾಯಿತು, ನೆಲ ಬಿಡಲಿಲ್ಲ. ಉಳಿದಿದ್ದಕ್ಕೆ ಜಾಕ್.

ಜಾಕ್ ಎಲ್ಲಿ ಕೊಡೋದು ಅನ್ನೋದೇ ಈ ಕೆಲಸದ ಜೀವಾಳ. ಅಚ್ಚಿನ ನಡುವಿನ ಕೊಳವೆಗೆ ಕೊಡಬೇಡಿ. ನೋಡೋಕೆ ಗಟ್ಟಿ ಅನಿಸುತ್ತದೆ, ಆದರೆ ಒಳಗೆ ಟೊಳ್ಳು. ಅಲ್ಲಿ ಒತ್ತಿದರೆ ಸ್ವಲ್ಪ ಬಾಗುತ್ತದೆ. ಬಾಗಿದ್ದು ಕಣ್ಣಿಗೆ ಕಾಣೋದಿಲ್ಲ, ಆಮೇಲೆ ಟೈರ್ ಒಂದೇ ಅಂಚಿನಲ್ಲಿ ಸವೆಯಲು ಶುರುವಾದಾಗ ಗೊತ್ತಾಗುತ್ತದೆ. ಒಂದೋ ಚಕ್ರದ ಹತ್ತಿರ ಚಾಸಿಯ ದಪ್ಪ ಕಬ್ಬಿಣಕ್ಕೆ ಕೊಡಬೇಕು, ಇಲ್ಲವೇ ಕಮಾನ್ ಪಟ್ಟಿಯನ್ನು ಅಚ್ಚಿಗೆ ಬಿಗಿದಿರುವ ಪ್ಲೇಟಿನ ಕೆಳಗೆ. ನಾನು ಪ್ಲೇಟಿಗೆ ಕೊಟ್ಟೆ. ಚಾಸಿಗೆ ಕೊಟ್ಟರೆ ಮೊದಲು ಕಮಾನು ಬಿಚ್ಚಿಕೊಳ್ಳುವಷ್ಟು ಎತ್ತಬೇಕು, ಆಮೇಲೆ ಚಕ್ರ ಏಳೋದು. ಜಾಕಿನ ತಳಕ್ಕೆ ಪ್ಲೈವುಡ್ ತುಂಡು ಇಟ್ಟೆ, ಮುರುಮ್ ನೆಲದಲ್ಲಿ ಅದು ಹೂತುಹೋಗುತ್ತದೆ.

ನಟ್ಟು ಬಿಚ್ಚಿದರೂ ಚಕ್ರ ಬರಲಿಲ್ಲ. ಎರಡು ಮಳೆಗಾಲ ಕಂಡ ಕಬ್ಬಿಣ, ಚಕ್ರ ಕೂರುವ ಹಬ್ಬಿಗೆ ತುಕ್ಕು ಹಿಡಿದು ಅಂಟಿತ್ತು. ಟೈರಿನ ಪಕ್ಕಕ್ಕೆ ಹಿಮ್ಮಡಿಯಿಂದ ಸುತ್ತಲೂ ಒದ್ದೆ, ಬಂತು. ತೆಗೆದ ಚಕ್ರವನ್ನು ಚಾಸಿಯ ಕೆಳಗೆ ಮಲಗಿಸಿದೆ. ಜಾಕ್ ಜಾರಿದರೆ ಗಾಡಿ ಅದರ ಮೇಲೆ ಕೂರಲಿ, ನನ್ನ ಕೈ ಮೇಲೆ ಬೇಡ.

ಈಗ ಸ್ಟೆಪ್ನಿ ಹಾಕಲು ಹೋದರೆ ಹಿಡಿಯೋದೇ ಇಲ್ಲ. ಹವಾ ಇಲ್ಲದ ಟೈರ್ ತೆಗೆಯಲು ಸಾಕಾಗುವ ಎತ್ತರ, ಹವಾ ತುಂಬಿದ ಟೈರ್ ಹಾಕಲು ಸಾಲೋದಿಲ್ಲ. ಜಾಕ್ ಪೂರ್ತಿ ಏರಿಬಿಟ್ಟಿತ್ತು. ನಾವಿಬ್ಬರೂ ಕನ್ನಡದಲ್ಲಿ ವಾದ ಮಾಡುತ್ತಿದ್ದದ್ದು ಕೇಳಿಸಿರಬೇಕು, ಆಚೆ ಲಾರಿ ನಿಲ್ಲಿಸಿಕೊಂಡಿದ್ದ ಡ್ರೈವರ್ ಬಂದ. ಲಾರಿ ಕೆಎ 28, ವಿಜಯಪುರದ್ದು.

'ಏನಾತ್ರಿ ಸರ?'

'ಇನ್ನೂ ಎರಡು ಬೆರಳು ಎತ್ತಬೇಕ್ರೀ, ಜಾಕ್ ಮುಗೀತು.'

'ಎತ್ತೂದ್ಯಾಕ್ರೀ? ನೆಲಾ ತೋಡ್ರಿ.'

ಅವನೇ ಪಾನಾದ ಚೂಪು ತುದಿಯಿಂದ ಚಕ್ರ ಬರುವ ಜಾಗದಲ್ಲಿ ಮುರುಮ್ ಕೆದರಿದ. ಸಣ್ಣ ಗುಂಡಿ ಆಯಿತು, ಸ್ಟೆಪ್ನಿ ಉರುಳಿಕೊಂಡು ಹೋಗಿ ಬೋಲ್ಟಿಗೆ ಸರಿಯಾಗಿ ನಿಂತಿತು. ಜಾಕಿನ ಕಡೆಯ ನೆಲ ಮಾತ್ರ ಮುಟ್ಟಬೇಡಿ ಅಂತ ಹೇಳಿ, ತಂಬಾಕು ತಿಕ್ಕುತ್ತಾ ಹೋದ. ಡಾಂಬರಿನ ಮೇಲೆ ಈ ಉಪಾಯ ನಡೆಯೋದಿಲ್ಲ. ಅದಕ್ಕೇ ಈಗ ಮೂರನೇ ಹಲಗೆಯೂ ಇದೆ.

ನಟ್ಟುಗಳನ್ನು ಮೊದಲು ಕೈಯಲ್ಲೇ ತಿರುಗಿಸಿದೆ, ಚೂಪಾದ ಮುಖ ರಿಮ್ಮಿನ ಕಡೆಗೆ. ಜಾಕ್ ಇಳಿಸಿ, ಕಾರನ್ನು ನಿಧಾನ ಹಿಂದಕ್ಕೆ ಬಿಟ್ಟು ಹಲಗೆ ಇಳಿಸಿ, ಭಾರ ಬಿದ್ದ ಮೇಲೆ ಎದುರುಬದುರು ಬಿಗಿದೆ. ಪಾನಾ ಮೇಲೆ ಹತ್ತಿ ಕುಣಿಯುವ ಅಭ್ಯಾಸ ನನಗಿಲ್ಲ. ಎಷ್ಟು ಬಿಗಿಯಾಯಿತು ಅಂತ ಅಳೆಯುವ ಟಾರ್ಕ್ ಪಾನಾ ಇಟ್ಟುಕೊಂಡಿದ್ದೇನೆ, ಗಾಡಿ ಮಾಡಿಕೊಟ್ಟವರು ಹೇಳಿದ ಅಂಕಿಗೆ ಅದು 'ಕಟಕ್' ಅಂದರೆ ಮುಗಿಯಿತು.

ಘಾಟು ಹತ್ತಿ ಇಳಿದ ಮೇಲೆ ಸುರೂರ್ ಹತ್ತಿರ, ವಾಯಿ ರಸ್ತೆ ಒಡೆಯುವಲ್ಲಿ ನಿಲ್ಲಿಸಿ ಮತ್ತೆ ನೋಡಿದೆ. ಎರಡು ನಟ್ಟು ಸ್ವಲ್ಪ ತಿರುಗಿದವು. ಹೊಸದಾಗಿ ಹಾಕಿದ ಚಕ್ರ ಕೂತುಕೊಳ್ಳುವಾಗ ಹೀಗೆ ಆಗೋದು ಸಹಜ, ಕೊಲ್ಹಾಪುರ ಸೇರುವ ಮೊದಲು ಇನ್ನೊಮ್ಮೆ ನೋಡಿದೆ. ಹಬ್ಬಿನ ಮೇಲೆ ಕೈಯ ಹಿಂಬದಿ ಇಟ್ಟು ನೋಡೋದೂ ಒಳ್ಳೆಯದು. ಒಂದೇ ಹಬ್ಬು ಉಳಿದವಕ್ಕಿಂತ ಜಾಸ್ತಿ ಸುಡುತ್ತಿದ್ದರೆ ಬೇರಿಂಗ್ ಅಥವಾ ಬ್ರೇಕ್ ಸಮಸ್ಯೆ.

ಸಾತಾರಾದ ಪಂಕ್ಚರ್ ಅಂಗಡಿಯಲ್ಲಿ ಟೈರ್ ಬಿಚ್ಚಿಸಿದೆ. ಹೊರಗಿನಿಂದ ನೋಡಿದರೆ ಒಂದು ಸಣ್ಣ ಮೊಳೆ, ಅಷ್ಟೇ. ಪ್ಯಾಚ್ ಹಾಕಿದರೆ ಆಯಿತು ಅನ್ನಿಸುತ್ತಿತ್ತು. ಅಂಗಡಿಯವನು ಒಳಗೆ ಕೈ ಹಾಕಿ ಒಂದು ಮುಷ್ಟಿ ಕರಿ ಪುಡಿ ತೆಗೆದು ತೋರಿಸಿದ. ಹವಾ ಇಲ್ಲದೆ ಓಡುವಾಗ ಪಕ್ಕದ ಗೋಡೆ ಮಡಚಿ ಮಡಚಿ ಒಳಗಿಂದೊಳಗೇ ಪುಡಿಯಾಗಿರುತ್ತದೆ. ಅಂಥ ಟೈರಿಗೆ ಪ್ಯಾಚ್ ಹಾಕಿಸಬಾರದು. ಹೊಸದು ಕೊಂಡೆ. ಕೊಳ್ಳುವಾಗ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ನೋಡಿಕೊಳ್ಳಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಟ್ರೈಲರ್ ಟೈರ್ ಓಡಿ ಸವೆಯೋದಕ್ಕಿಂತ ಬಿಸಿಲಲ್ಲಿ ನಿಂತು ಹಳತಾಗೋದೇ ಜಾಸ್ತಿ. ಅಂಗಡಿಯಲ್ಲೇ ವರ್ಷಗಟ್ಟಲೆ ಕೂತದ್ದನ್ನು ಯಾಕೆ ತರಬೇಕು? ಜೊತೆಯ ಚಕ್ರವನ್ನೂ ಅಲ್ಲೇ ಬಿಚ್ಚಿಸಿ ಒಳಗೆ ನೋಡಿಸಿದೆ. ಅಷ್ಟು ದೂರ ಎರಡು ಚಕ್ರದ ಭಾರ ಅದೊಂದೇ ಹೊತ್ತಿತ್ತಲ್ಲ. ಅದಕ್ಕೇನೂ ಆಗಿರಲಿಲ್ಲ.

ಪುಣೆಗೆ ವಾಪಸ್ ಬಂದ ಮೇಲೆ ವಾಲ್ವಿಗೆ ತಿರುಗಿಸುವ ಹವಾ ಸೆನ್ಸರ್ ನಾಲ್ಕಕ್ಕೂ ಹಾಕಿಸಿದೆ. ಹಿಂದಿನ ಚಕ್ರದ ಸಿಗ್ನಲ್ ಕಾರಿನ ಒಳಗಿನ ಡಬ್ಬಿಗೆ ಸರಿಯಾಗಿ ತಲುಪುತ್ತಿರಲಿಲ್ಲ, ನಡುವೆ ಟ್ರೈಲರಿನ ತಗಡಿನ ಮೈ ಅಡ್ಡ. ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ಒಂದನ್ನು ಟ್ರೈಲರ್ ಮೂತಿಗೆ ಕೂರಿಸಿ, ಬ್ಯಾಟರಿಯಿಂದ ತಂತಿ ಎಳೆದ ಮೇಲೆ ಸರಿಹೋಯಿತು. ಕೊಳ್ಳುವಾಗ ರಿಪೀಟರ್ ಸಮೇತ ಬರುವ ಸೆಟ್ಟನ್ನೇ ಕೇಳಿ.