ಹಳೆಯ .303 ಕೋವಿಗೆ ತೋಟಾ ತುಂಬುತ್ತಾ ಕಲಿತದ್ದು

ನನ್ನ ಹಳೆಯ .303 ಲೀ-ಎನ್‌ಫೀಲ್ಡ್ ಕೋವಿಗೆ, ಹಾರಿಸಿದ ತೋಟಾದ ಹಿತ್ತಾಳೆ ಕವಚವನ್ನೇ, ಅಂದರೆ ಕೇಸನ್ನೇ, ಮತ್ತೆ ತುಂಬಿ ಬಳಸುತ್ತೇನೆ. ಮೂರನೇ ಸಲ ತುಂಬಿದ ತೋಟಾ ಹಾರಿಸಿ, ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಎಳೆದಾಗ ಕೇಸಿನ ತಳ ಮಾತ್ರ ಹೊರಬಂತು. ಉಳಿದದ್ದು ತೋಟಾ ಕೂರುವ ಆ ಚೇಂಬರಿನಲ್ಲೇ ಕಚ್ಚಿಕೊಂಡಿತ್ತು. ಮದ್ದು ಹೆಚ್ಚಾಯಿತೇನೋ ಎಂದು ಹೆದರಿದೆ. ಆದರೆ ಅದು ತೋಟಾ ತುಂಬುವ ಕೈಪಿಡಿಯ ಆರಂಭದ ಅಳತೆಯಲ್ಲೇ ಇತ್ತು. ಕೆಟ್ಟಿದ್ದು ಹಿತ್ತಾಳೆ.

ಲೀ-ಎನ್‌ಫೀಲ್ಡ್‌ನ ಬೋಲ್ಟ್ ಹಿಂಭಾಗದಲ್ಲಿ ಲಾಕ್ ಆಗುತ್ತದೆ, ಹಾಗಾಗಿ ಒತ್ತಡಕ್ಕೆ ಸ್ವಲ್ಪ ಬಾಗುತ್ತದೆ. ಕೆಸರು ಮೆತ್ತಿದ ತೋಟಾವೂ ಕೂರಲೆಂದು ಸೈನ್ಯದ ಚೇಂಬರ್ ಸಡಿಲವಾಗಿರುತ್ತದೆ. ಹಾರಿದಾಗ ಕೇಸಿನ ಭುಜ (ಕತ್ತಿನ ಬುಡದ ಇಳಿಜಾರು) ಮುಂದಕ್ಕೆ ಉಬ್ಬುತ್ತದೆ. ನಾನೋ ಪ್ರತಿ ಸಲ ಕೇಸಿಗೆ ಆಕಾರ ಕೊಡುವ ಅಚ್ಚಿನಲ್ಲಿ, ಅಂದರೆ ಡೈಯಲ್ಲಿ, ಪೂರ್ತಿ ಒತ್ತಿ ಅದನ್ನು ಹಿಂದಕ್ಕೆ ತಳ್ಳುತ್ತಿದ್ದೆ. ಹಿಗ್ಗಿ ಕುಗ್ಗಿ, ತಳದ ಹತ್ತಿರ ಗೋಡೆ ಸವೆದು ಹರಿದಿತ್ತು. ಈಗ ಗುಂಡು ಹಿಡಿಯುವ ಕತ್ತನ್ನು ಮಾತ್ರ ಡೈಯಲ್ಲಿ ಸರಿಪಡಿಸುತ್ತೇನೆ. ಹೊಸ ಕೇಸನ್ನು ಮೊದಲ ಸಲ ಹಾರಿಸುವಾಗ ಅದರ ತಳದ ಅಂಚಿನ, ಅಂದರೆ ರಿಮ್‌ನ ಮುಂದೆ ತೆಳು ರಬ್ಬರ್ ರಿಂಗ್ ಹಾಕುತ್ತೇನೆ. ಕೇಸು ಬೋಲ್ಟ್‌ಗೆ ಒತ್ತಿಕೊಂಡಿರುತ್ತದೆ, ಹಿಗ್ಗುವುದೆಲ್ಲ ಭುಜದ ಕಡೆಗೇ ಆಗುತ್ತದೆ. ಚೇಂಬರಿನಲ್ಲಿ ಎಣ್ಣೆಯ ಪಸೆ ಉಳಿಸುವುದಿಲ್ಲ. ಎಣ್ಣೆಯಿದ್ದರೆ ಕೇಸು ಗೋಡೆ ಹಿಡಿಯದೆ ಬೋಲ್ಟ್ ಮೇಲೇ ಭಾರ ಹಾಕುತ್ತದೆ.

ಗುಂಡಿನ ದಪ್ಪ ನಳಿಕೆಗೆ ಹೊಂದಬೇಕು, ಹಾಗಾಗಿ ನಳಿಕೆಯ ಅಳತೆ ಇನ್ನೊಂದು ಪಾಠ. ಮೆದು ಸೀಸದ ತುಂಡನ್ನು ನಳಿಕೆಯೊಳಗೆ ತಳ್ಳಿ ಅಳೆದೆ. ಒಳಗೆ ಐದು ಸುರುಳಿ ಗೀರುಗಳಿರುವ ನಳಿಕೆಯಲ್ಲಿ ಯಾವ ಗೀರೂ ಇನ್ನೊಂದರ ಎದುರಿಗಿಲ್ಲ, ಹಾಗಾಗಿ ಸಾಮಾನ್ಯ ಮೈಕ್ರೋಮೀಟರ್ ಕಡಿಮೆ ತೋರಿಸುತ್ತದೆ. ಸೀಸದ ತುಂಡಿಗೆ ತೆಳು ಲೋಹದ ಪಟ್ಟಿ ಸುತ್ತಿ ಅಳೆದು, ಪಟ್ಟಿಯ ದಪ್ಪದ ಎರಡು ಪಟ್ಟು ಕಳೆದಾಗಲೇ ನಿಜ ಸಿಕ್ಕಿತು. ಕೋವಿಯ ಹೆಸರೊಂದನ್ನೇ ನಂಬಬಾರದು: 1888ರ ಜರ್ಮನ್ 8 ಎಂಎಂ ಕೋವಿಯ ಗುಂಡು .318 ಇಂಚಿನದು, 1905ರ ನಂತರದ್ದು .323.

ಮದ್ದಿನ ವಿಷಯದಲ್ಲಿ ಪ್ರಯೋಗ ಮಾಡುವುದಿಲ್ಲ. ಕೈಪಿಡಿ ಹೇಳಿದ ಮದ್ದು, ಅದೇ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಟ್ಟಲು), ಅದೇ ತೂಕದ ಗುಂಡು. ಆರಂಭದ ಅಳತೆಯಿಂದ ಸ್ವಲ್ಪ ಸ್ವಲ್ಪವೇ ಏರಿ, ನಿಖರತೆ ಬಂದಲ್ಲೇ ನಿಲ್ಲುತ್ತೇನೆ. ಕೈಪಿಡಿಯ ಕನಿಷ್ಠಕ್ಕಿಂತ ಕೆಳಗಿಳಿಯುವುದೂ ಅಪಾಯವೇ. ಕಪ್ಪು ಮದ್ದಿಗೆಂದು ಮಾಡಿದ ಮಾರ್ಟಿನಿ-ಹೆನ್ರಿಯಂಥ ಹಳೆಯ ಕೋವಿಗಳಿಗೆ ಹೊಗೆರಹಿತ ಮದ್ದು ಮುಟ್ಟಿಸುವುದೇ ಇಲ್ಲ.

ಪ್ರತಿ ಸಲ ತುಂಬುವ ಮುಂಚೆ, ತುದಿ ಬಗ್ಗಿಸಿದ ತಂತಿಯನ್ನು ಕೇಸಿನೊಳಗೆ ಇಳಿಸಿ ಗೋಡೆಗುಂಟ ಮೇಲಕ್ಕೆ ಎಳೆಯುತ್ತೇನೆ. ತಳಕ್ಕಿಂತ ಸ್ವಲ್ಪ ಮೇಲೆ ಉಗುರಿಗೆ ತಾಗಿದಷ್ಟು ಸಣ್ಣ ತಡೆ ಸಿಕ್ಕರೂ ಸಾಕು, ಆ ಕೇಸಿನ ಬಾಯಿಯನ್ನು ಇಕ್ಕಳದಿಂದ ಚಪ್ಪಟೆ ಮಾಡಿ ಎಸೆಯುತ್ತೇನೆ.