ಗಾಜಿನ ಸೀಸೆಗೆ ಕಾಗದದ ಚೀಟಿ ಅಂಟಿಸುವ ಬಗೆ

ಸೀಸೆಗೆ ಅಂಟಿಸಿದ ಚೀಟಿ ನಾಲ್ಕೇ ದಿನಕ್ಕೆ ಅಂಚು ಬಿಟ್ಟು ಮೇಲೆದ್ದರೆ ನಾವೆಲ್ಲ ಅಂಟನ್ನು ಬೈಯುತ್ತೇವೆ. ನಾನು ಕಂಡಂತೆ ತಪ್ಪು ಹೆಚ್ಚಾಗಿ ಅಂಟಿನದಲ್ಲ, ಸೀಸೆ ತೊಳೆದವರದು. ಕಣ್ಣಿಗೆ ಶುಭ್ರವಾಗಿ ಕಾಣುವ ಗಾಜಿನ ಮೇಲೂ ಕೈಯ ಜಿಡ್ಡು ತೆಳುವಾಗಿ ಕುಳಿತಿರುತ್ತದೆ. ನೀರಿನ ಅಂಶವಿರುವ ಅಂಟು ಜಿಡ್ಡಿನ ಮೇಲೆ ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಸೀಸೆಯನ್ನು ಸೋಪು ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಚೀಟಿ ಕೂರುವ ಜಾಗವನ್ನು ವಿನಿಗರ್ ಅದ್ದಿದ ಬಟ್ಟೆಯಿಂದ ಒಮ್ಮೆ ಒರಸಿ, ಅದು ಆರಿದ ಮೇಲೆ ಅಲ್ಲಿಗೆ ಬೆರಳು ತಾಗಿಸದೆ ಕುತ್ತಿಗೆಯನ್ನೇ ಹಿಡಿದು ಕೆಲಸ ಮಾಡಬೇಕು. ಬಿಸಿ ಪದಾರ್ಥ ತುಂಬಿದ ಜಾಡಿಗಾಗಲಿ, ಫ್ರಿಜ್ಜಿನಿಂದ ಆಗಷ್ಟೇ ತೆಗೆದು ಬೆವರುತ್ತಿರುವ ಸೀಸೆಗಾಗಲಿ ಅಂಟಿಸಲು ಹೋಗಬಾರದು. ಅವಸರದಲ್ಲಿ ಈ ಎರಡನ್ನೂ ಮಾಡಿ ಕೈ ಸುಟ್ಟುಕೊಂಡವಳು ನಾನು, ಮೊದಲನೆಯದರಲ್ಲಿ ಅಕ್ಷರಶಃ.

ಅಂಟಿನ ಆಯ್ಕೆಯಲ್ಲಿ ನನ್ನ ಒಲವು ಹಾಲಿನ ಕಡೆಗೆ. ಕೇಳಿದವರು ನಗುತ್ತಾರೆ, ಆದರೆ ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನು ಒಣಗಿದಾಗ ಕಾಗದವನ್ನು ಗಾಜಿಗೆ ಗಟ್ಟಿಯಾಗಿ ಕಚ್ಚಿಸುತ್ತದೆ; ಮರಗೆಲಸದವರೂ ಹಿಂದೆ ಕೇಸೀನ್ ಅಂಟನ್ನು ಬಳಸುತ್ತಿದ್ದರು. ಚೀಟಿಯ ಹಿಂಬದಿಗೆ ಬ್ರಶ್ಶಿನಿಂದ ಹಾಲನ್ನು ತೆಳುವಾಗಿ ಸವರಿ, ಕಾಗದ ನೀರು ಹೀರಿ ಹಿಗ್ಗಿ ಮೆತ್ತಗಾಗಲು ಅರ್ಧ ನಿಮಿಷ ಬಿಟ್ಟು, ನಂತರ ಅಂಟಿಸಿದರೆ ಸುಕ್ಕು ಬಹಳ ಕಡಿಮೆಯಾಗುತ್ತದೆ. ಕಾಯದೆ ಅಂಟಿಸಿದರೆ ಅದು ಗಾಜಿನ ಮೇಲೆಯೇ ಹಿಗ್ಗಿ ಗುಳ್ಳೆಯೇಳುತ್ತದೆ. ನಡುವಿನಿಂದ ಅಂಚಿನ ಕಡೆಗೆ ಒಣಬಟ್ಟೆಯಿಂದ ಒತ್ತುತ್ತಾ ಹೋಗಿ, ಹೊರಗೆ ಒಸರಿದ ಹಾಲನ್ನು ತಕ್ಷಣ ಒರಸಬೇಕು, ಇಲ್ಲವಾದರೆ ವಾಸನೆ ಬರುತ್ತದೆ. ದಪ್ಪ ಕಾಗದಕ್ಕೆ ಹಾಲು ಸಾಲದು. ಒಂದು ಪಾಲು ಮೈದಾಹಿಟ್ಟಿಗೆ ನಾಲ್ಕೈದು ಪಾಲು ನೀರು ಬೆರೆಸಿ, ಗಂಟಿಲ್ಲದಂತೆ ಕಲಕಿ, ಹಸಿಬಿಳುಪು ಹೋಗುವವರೆಗೆ ಕುದಿಸಿದ ಸರಿ ಅದಕ್ಕೆ ಒಳ್ಳೆಯದು. ಅದನ್ನೂ ತೆಳುವಾಗಿಯೇ ಹಚ್ಚಬೇಕು, ಏಕೆಂದರೆ ಜಿರಲೆಗೆ ಅದು ಊಟ. ಈ ಎರಡು ಅಂಟುಗಳ ದೊಡ್ಡ ಗುಣವೆಂದರೆ, ಸೀಸೆ ಖಾಲಿಯಾದಾಗ ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಚೀಟಿ ಕಲೆಯುಳಿಸದೆ ಕಳಚಿ ಬರುತ್ತದೆ. ಅಂಗಡಿಯ ಸ್ಟಿಕ್ಕರಿನ ಗೋಂದನ್ನು ಎಣ್ಣೆ ಹಚ್ಚಿ ಉಜ್ಜಿ ಉಜ್ಜಿ ತೆಗೆದವರಿಗೆ ಇದರ ಬೆಲೆ ಗೊತ್ತು.

ಬರವಣಿಗೆಯನ್ನು ಅಂಟಿಸುವ ಮೊದಲೇ ಮುಗಿಸಿ ಒಣಗಿಸಿಕೊಳ್ಳಬೇಕು. ಪೆನ್ಸಿಲ್ ಬರಹಕ್ಕೆ ನೀರಿನ ಭಯವಿಲ್ಲ, ಫೌಂಟನ್ ಪೆನ್ನಿನದು ಹರಡುತ್ತದೆ. ಮುದ್ರಿಸುವುದಾದರೆ ಲೇಸರ್ ಮುದ್ರಣವೇ ಆಗಲಿ. ಇಂಕ್‌ಜೆಟ್ ಶಾಯಿ ಸಾಮಾನ್ಯವಾಗಿ ಒದ್ದೆಗೆ ಕದಡುತ್ತದೆ. ಒದ್ದೆ ಕೈ ತಾಗುವ ಜಾಡಿಯಾದರೆ, ಚೀಟಿ ಪೂರ್ತಿ ಒಣಗಿದ ಮರುದಿನ ಅದರ ಮೇಲೆ ಮೇಣದ ಬತ್ತಿಯನ್ನು ಹಗುರವಾಗಿ ಉಜ್ಜುವುದು ಸಾಕು.

ಕೆಳಗೆ ಅಗಲವಾಗಿ ಮೇಲೆ ಕಿರಿದಾಗುವ ಸೀಸೆಗೆ ಉದ್ದದ ನೇರ ಪಟ್ಟಿಯನ್ನು ಸುತ್ತಿದರೆ ಅದು ಓರೆಯಾಗಿಯೇ ತೀರುತ್ತದೆ, ಹಾಗಾಗಿ ಅಂಥದ್ದಕ್ಕೆ ಪುಟ್ಟ ಚೀಟಿಯೇ ಲೇಸು. ನೇರ ಸೀಸೆಗೆ ರಬ್ಬರ್ ಬ್ಯಾಂಡೊಂದನ್ನು ತೊಡಿಸಿ ಅದರ ಗುಂಟ ಅಂಟಿಸಿದರೆ ಸಾಲು ತಪ್ಪದು. ಹೆಸರಿನ ಜೊತೆ ತುಂಬಿದ ದಿನಾಂಕವೂ ಇರಲಿ. ಚೀಟಿಯನ್ನು ಮಾತ್ರ ಮುಚ್ಚಳಕ್ಕೆ ಅಂಟಿಸಬೇಡಿ, ಒಂದೇ ಅಳತೆಯ ಎರಡು ಜಾಡಿಗಳನ್ನು ಒಟ್ಟಿಗೆ ತೆರೆದಾಗ ಮುಚ್ಚಳಗಳು ಅದಲುಬದಲಾಗುತ್ತವೆ.